ಜುಹೂ ದಂಡೆಗೆ ಬರುವ ನೀಲಿ ನೆಂಟರು

ನೀವು ಮುಂಬಯಿಯಲ್ಲೇ ಹುಟ್ಟಿ ಬೆಳೆದವರಾದರೆ ಜುಹೂ ಚೌಪಾಟಿಗೆ ಎಷ್ಟು ಸಲ ಹೋಗಿದ್ದೀರಿ ಎಂಬ ಲೆಕ್ಕ ನಿಮ್ಮಲ್ಲಿ ಇರಲಾರದು. ಭೇಲ್ ತಿನ್ನಲು ಹೋಗಿದ್ದೀರಿ, ಗಣಪತಿ ಬಿಡಲು ಹೋಗಿದ್ದೀರಿ, ಊರಿಂದ ನೆಂಟರು ಬಂದಾಗ ಅವರಿಗೆ ಸಮುದ್ರ ತೋರಿಸಲೆಂದು ಹೋಗಿದ್ದೀರಿ. (ಕುಂದಾಪುರದಿಂದ ಬಂದವರಿಗೆ ಸಮುದ್ರ ತೋರಿಸುವುದೇನು ಬಂತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.) ಆದರೆ ಜುಲೈ ತಿಂಗಳಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ ಏಳು ಗಂಟೆಗೆ, ಅಲೆಗಳನ್ನು ನೋಡುವುದು ಬಿಟ್ಟು ಕಾಲಬುಡದ ಮರಳನ್ನೇ ನೋಡುತ್ತ ಅಲ್ಲಿ ನಡೆದಿದ್ದೀರಾ? ಇಲ್ಲವೆಂದಾದರೆ ನನ್ನ ಜೊತೆ ಒಮ್ಮೆ ಬನ್ನಿ.

ಹೋಗುವುದೇನೂ ಕಷ್ಟವಲ್ಲ. ವಿಲೇಪಾರ್ಲೆಯಲ್ಲೋ ಅಂಧೇರಿಯಲ್ಲೋ ಇಳಿದು ಪಶ್ಚಿಮದ ಕಡೆ ರಿಕ್ಷಾ ಹಿಡಿದರೆ ಮುಗಿಯಿತು. ವಿಚಾರಿಸಿಕೊಳ್ಳಬೇಕಾದದ್ದು ನೀರು ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನು. ಇಲ್ಲಿನ ಮೀನುಗಾರರು ಭರತಿ, ಓಹೋಟಿ ಎನ್ನುತ್ತಾರೆ. ನಮ್ಮ ಶಾಲೆಯ ಪುಸ್ತಕದಲ್ಲಿ ಅದು ಉಬ್ಬರ, ಇಳಿತ. ಉಬ್ಬರದ ನೀರು ಹಿಂದೆ ಸರಿದ ಮೇಲೆ ಮರಳಿನ ಉದ್ದಕ್ಕೂ ಒಂದು ಗೆರೆ ಉಳಿಯುತ್ತದೆ. ಹಾಲಿನ ಖಾಲಿ ಚೀಲಗಳು, ಒಂಟಿ ಚಪ್ಪಲಿ, ಬಾಡಿದ ಚೆಂಡುಹೂವಿನ ಮಾಲೆ, ತೆಂಗಿನಕಾಯಿಯ ಚಿಪ್ಪು, ಥರ್ಮೊಕೋಲ್ ಚೂರು: ಈ ಊರಿನ ಒಂದು ದಿನದ ಜಮಾಖರ್ಚೆಲ್ಲ ಆ ಗೆರೆಯ ಮೇಲೆ ಬಿದ್ದಿರುತ್ತದೆ. ಅದರ ನಡುವೆ, ಅಲ್ಲೊಂದು ಇಲ್ಲೊಂದು, ನೀಲಿ.

ಹೆಬ್ಬೆರಳಿನಷ್ಟು ಉದ್ದದ ಊದಿದ ಚೀಲ. ಗಾಜಿನಂತೆ ತೆಳು, ಒಳಗೆ ಗಾಳಿ. ಅಂಚಿನಲ್ಲಿ ನೀಲಿ, ಕೆಲವಕ್ಕೆ ಮೇಲುತುದಿಯಲ್ಲಿ ತುಸು ಗುಲಾಬಿ. ಚೀಲದ ಕೆಳಗೆ ಕಡುನೀಲಿಯ ಒಂದು ಗೊಂಚಲು. ಅದರಿಂದ ಹೊರಟ ದಾರದಂಥ ಎಳೆಯೊಂದು ಮರಳ ಮೇಲೆ ಸುತ್ತಿಕೊಂಡು ಬಿದ್ದಿರುತ್ತದೆ. ಶಾಯಿ ಪೆನ್ನಿನ ರಾಯಲ್ ಬ್ಲೂ ನೋಡಿದವರಿಗೆ ಆ ಬಣ್ಣ ಗೊತ್ತಾದೀತು. ಇದನ್ನು ಬ್ಲೂ ಬಾಟಲ್ ಎನ್ನುತ್ತಾರೆ. ಮಳೆಗಾಲದ ನೈಋತ್ಯದ ಗಾಳಿ ಇವನ್ನು ಅರಬ್ಬಿ ಸಮುದ್ರದ ನಡುವಿನಿಂದ ತಳ್ಳಿಕೊಂಡು ಬಂದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ದಂಡೆಗೆ ಸುರಿಯುತ್ತದೆ.

ನನಗೆ ಇದರ ಪರಿಚಯ ಒಳ್ಳೆಯ ರೀತಿಯಲ್ಲಿ ಆಗಲಿಲ್ಲ. 2003ರ ಜುಲೈ, ಒಂದು ಭಾನುವಾರ. ಮಗಳಿಗೆ ಎಂಟು ವರ್ಷ. “ಅಪ್ಪಾ, ಬಲೂನ್!” ಎಂದು ಓಡಿದಳು. ನಾನು ಕಡಲೂರಿನವನು, ಕುಂದಾಪುರದ ಕೋಡಿಯಲ್ಲಿ ಹದಿನಾರು ವರ್ಷ ಅಲೆಯ ಸದ್ದಿನಲ್ಲೇ ನಿದ್ದೆ ಮಾಡಿದವನು, ಸಮುದ್ರದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬದವನು. “ಎಂಥದೋ ಮೀನಿನ ಚೀಲ, ಸತ್ತಿದೆ, ಏನೂ ಮಾಡುವುದಿಲ್ಲ” ಎಂದೆ. ಅವಳು ಎತ್ತಿಕೊಂಡಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವಳು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಲಿಂಬೆ ಶರಬತ್ತಿನವನೊಬ್ಬ ಓಡಿ ಬಂದು ಮರಳು ಹಾಕಿ ಉಜ್ಜಿ ಎಂದ. ಉಜ್ಜಿದೆ. ಲಿಂಬೆ ಹಿಂಡಿ ಎಂದ. ಹಿಂಡಿದೆ. ಮಣಿಕಟ್ಟಿನಿಂದ ಮೊಣಕೈಯವರೆಗೆ ಚಾಟಿಯಲ್ಲಿ ಹೊಡೆದಂತೆ ಬಾಸುಂಡೆ ಎದ್ದಿತು. ಡಾಕ್ಟರು ಕೈ ನೋಡಿ, “ಇದನ್ನು ಉಜ್ಜಿದವರು ಯಾರು?” ಎಂದು ಗದರಿದರು. ದಂಡೆಯಲ್ಲಿ ಯಾರೋ ಒಬ್ಬ ಎಂದೆ. ಮಗಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮನೆಗೆ ಬಂದರೆ, ಆಗ ನಮ್ಮ ಜೊತೆಯಲ್ಲೇ ಇದ್ದ ನನ್ನ ಅಮ್ಮ, “ಕಡಲಂಗೆ ಸಿಕ್ಕಿದ್ದನ್ನೆಲ್ಲ ಮುಟ್ಟುಕಾಗ ಅಂದೇಳಿ ನಿಂಗ್ ಹೇಳ್ಲಿಲ್ಯಾ?” ಎಂದು ಮೊಮ್ಮಗಳನ್ನು ಬಿಟ್ಟು ನನ್ನನ್ನೇ ಬೈದರು.

ಆ ಬಾಸುಂಡೆ ಎರಡು ವಾರದಲ್ಲಿ ಹೋಯಿತು. ನನ್ನ ಜಂಬ ಹೋಗಲು ಸ್ವಲ್ಪ ಹೆಚ್ಚು ಕಾಲ ಹಿಡಿಯಿತು. ಅಂದಿನಿಂದ ಈ ನೀಲಿ ಚೀಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದ್ದರಲ್ಲಿ ನಿಮಗೆ ಹೇಳಲೇಬೇಕೆನಿಸುವ ಕೆಲವು ಸಂಗತಿಗಳಿವೆ.

ಮೊದಲನೆಯದು, ಅದು ಒಂದು ಪ್ರಾಣಿಯೇ ಅಲ್ಲ. ನಿಮ್ಮಲ್ಲಿ ಎಷ್ಟೋ ಜನರ ತಂದೆಯೋ ಅಜ್ಜನೋ ಈ ಊರಿಗೆ ಬಂದದ್ದು ಹೋಟೆಲಿಗೆ. ನಾನೂ ಹಾಗೆಯೇ, 1978ರಲ್ಲಿ, ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಆದ್ದರಿಂದ ಹೋಟೆಲಿನ ಮಾತಿನಲ್ಲೇ ಹೇಳುತ್ತೇನೆ. ಒಂದು ಉಡುಪಿ ಹೋಟೆಲನ್ನು ನೆನೆಸಿಕೊಳ್ಳಿ. ಗಲ್ಲಾದ ಮೇಲೆ ಒಬ್ಬ, ದೋಸೆ ಕಾವಲಿಯ ಮುಂದೆ ಒಬ್ಬ, ತಟ್ಟೆ ಹಿಡಿದು ಓಡಾಡುವ ಸಪ್ಲೈಯರು, ಟೇಬಲ್ ಒರೆಸುವ ಹುಡುಗ. ಒಬ್ಬನ ಕೆಲಸ ಇನ್ನೊಬ್ಬನಿಗೆ ಬಾರದು. ಬ್ಲೂ ಬಾಟಲಿನಲ್ಲಿಯೂ ಹೀಗೆಯೇ. ಮೇಲಿನ ಗಾಳಿಚೀಲದ ಕೆಲಸ ತೇಲುವುದು, ಅಷ್ಟೆ. ಕೆಳಗಿನ ಗೊಂಚಲಿನಲ್ಲಿ ಕೆಲವಕ್ಕೆ ಬಾಯಿ ಮತ್ತು ಹೊಟ್ಟೆ ಮಾತ್ರ, ಅವು ತಿನ್ನುತ್ತವೆ. ಕೆಲವು ಉದ್ದನೆಯ ಎಳೆ ಬಿಟ್ಟು ಬೇಟೆ ಹಿಡಿಯುತ್ತವೆ. ಅವಕ್ಕೆ ಬಾಯಿ ಇಲ್ಲ. ಇನ್ನು ಕೆಲವು ಸಂತಾನದ ಕೆಲಸಕ್ಕೆ ಮೀಸಲು. ಒಂದೊಂದೂ ತನ್ನಷ್ಟಕ್ಕೆ ಒಂದು ಪ್ರಾಣಿಯ ಕಟ್ಟಡ. ಎಲ್ಲವೂ ಒಂದೇ ಮೊಟ್ಟೆಯಿಂದ ಬಂದ ಮೊದಲ ಜೀವಿಯಿಂದ ಚಿಗುರೊಡೆದು, ಬೇರ್ಪಡದೆ ಅಂಟಿಕೊಂಡೇ ಉಳಿದ ಅಣ್ಣತಮ್ಮಂದಿರು. ಒಬ್ಬ ತಿಂದದ್ದು ಒಳಗಿನ ನಾಳದ ಮೂಲಕ ಎಲ್ಲರಿಗೂ ಹೋಗುತ್ತದೆ. ಹೋಟೆಲಿಗೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಯಾರೂ ಮುನಿಸಿಕೊಂಡು ಹೋಗಿ ಎದುರುಗಡೆ ಬೇರೆ ಹೋಟೆಲು ಹಾಕುವಂತಿಲ್ಲ.

ಎರಡನೆಯದು ಆ ಗಾಳಿಚೀಲ. ಅದರಲ್ಲಿರುವುದು ಬರಿಯ ಗಾಳಿಯಲ್ಲ. ಚೀಲದೊಳಗಿನ ಒಂದು ಗ್ರಂಥಿ ಕಾರ್ಬನ್ ಮಾನಾಕ್ಸೈಡ್ ತಯಾರಿಸಿ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಮನುಷ್ಯನನ್ನು ಕೊಲ್ಲುವ ಅನಿಲ ಅದೇ. ಬ್ಲೂ ಬಾಟಲಿಗೆ ಈಜಲು ಬಾರದು. ಆ ಚೀಲವೇ ಅದರ ಹಾಯಿ. ಚೀಲದ ಕೆಳಗೆ ಗೊಂಚಲು ಸರಿಯಾಗಿ ನಡುವಿನಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಒಂದೇ ಗಾಳಿ ಬೀಸಿದರೂ ಎಡಚರು ಒಂದು ದಿಕ್ಕಿಗೆ ಓರೆಯಾಗಿ ಸಾಗಿದರೆ ಬಲಗೈಯವರು ಇನ್ನೊಂದು ದಿಕ್ಕಿಗೆ ಸಾಗುತ್ತಾರೆ. ಹೀಗಾಗಿ ಇಡೀ ಕುಲವೇ ಒಂದೇ ದಂಡೆಗೆ ಬಿದ್ದು ಸಾಯುವ ಅಪಾಯ ಕಡಿಮೆ.

ಮೂರನೆಯದು ಕುಟುಕು. ನನ್ನ ಮಗಳ ಕೈಯ ಮೇಲೆ ಬರೆ ಎಳೆದದ್ದು ಸತ್ತು ಬಿದ್ದ ಪ್ರಾಣಿಯೇ ಇರಬಹುದು. ಎಳೆಯ ಉದ್ದಕ್ಕೂ ಕುಟುಕು ಕಣಗಳಿರುತ್ತವೆ. ಒಂದೊಂದು ಕಣದೊಳಗೂ ಒತ್ತಡ ತುಂಬಿದ ಒಂದು ಪುಟ್ಟ ಗೂಡು, ಗೂಡಿನೊಳಗೆ ಸುತ್ತಿಟ್ಟ ಸೂಜಿದಾರ. ಏನಾದರೂ ತಾಗಿದೊಡನೆ ಅದು ಸಿಡಿಯುತ್ತದೆ. ಯಾವ ಮೆದುಳಿನ ಅಪ್ಪಣೆಯೂ ಬೇಕಾಗಿಲ್ಲ, ಮೆದುಳೇ ಇಲ್ಲವಲ್ಲ! ಆದ್ದರಿಂದ ಪ್ರಾಣಿ ಸತ್ತ ಮೇಲೂ ಕಣ ಸಿಡಿಯುತ್ತದೆ, ಕಡಿದು ಬಿದ್ದ ಎಳೆಯ ತುಂಡೂ ಸಿಡಿಯುತ್ತದೆ. ಇವುಗಳ ಸಂಬಂಧಿಯಾದ ಹೈಡ್ರಾ ಎಂಬ ಸಿಹಿನೀರಿನ ಜೀವಿಯಲ್ಲಿ ಜರ್ಮನಿಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಇಟ್ಟು ಇದನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಮುಳ್ಳು ಹೊರಚಿಮ್ಮಲು ಬೇಕಾದ ಸಮಯ 700 ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ರಾತ್ರಿಶಾಲೆಯಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಹೈಡ್ರಾದ ಚಿತ್ರ ಬರೆಸಿದ್ದರು. ಹನ್ನೆರಡು ಗಂಟೆ ತಟ್ಟೆ ತೊಳೆದು ಬಂದ ನಾನು ಅರೆನಿದ್ದೆಯಲ್ಲಿ ಅದಕ್ಕೆ ಏಳು ಕೈ ಬರೆದೆನೋ ಎಂಟೋ, ಈಗ ನೆನಪಿಲ್ಲ. ಈ ವಿಷಯ ಆಗ ಯಾರಾದರೂ ಹೇಳಿದ್ದರೆ ನಿದ್ದೆ ಹಾರಿಹೋಗುತ್ತಿತ್ತು.

ಅಂದು ನಾನು ಉಜ್ಜಿದಾಗ ಆದದ್ದು ಇಷ್ಟೇ: ಇನ್ನೂ ಸಿಡಿಯದೆ ಅವಳ ಚರ್ಮದ ಮೇಲೆ ಕುಳಿತಿದ್ದ ಕಣಗಳನ್ನೆಲ್ಲ ನನ್ನ ಕೈಯಾರೆ ಸಿಡಿಸಿದೆ. 2018ರ ಆಗಸ್ಟಿನಲ್ಲಿ ಮುಂಬಯಿಯ ದಂಡೆಗಳಲ್ಲಿ ಎರಡು ದಿನದಲ್ಲಿ ನೂರಕ್ಕೂ ಹೆಚ್ಚು ಜನ ಬ್ಲೂ ಬಾಟಲಿನಿಂದ ಕುಟುಕಿಸಿಕೊಂಡರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅವರಲ್ಲಿ ಎಷ್ಟು ಜನ ಮರಳು ಉಜ್ಜಿಕೊಂಡರೋ. ನಿಮಗೋ ನಿಮ್ಮ ತಮ್ಮ ತಂಗಿಯರಿಗೋ ಹೀಗಾದರೆ ಉಜ್ಜಬೇಡಿ. ಅಂಟಿದ ಎಳೆಗಳನ್ನು ಚಿಮಟದಿಂದಲೋ ಕಡ್ಡಿಯಿಂದಲೋ ಎತ್ತಿ ತೆಗೆಯಿರಿ, ಸಮುದ್ರದ ನೀರಿನಿಂದಲೇ ತೊಳೆಯಿರಿ, ಆಮೇಲೆ ಚರ್ಮ ಸುಡದ ಹಾಗೆ, ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಆಸ್ಟ್ರೇಲಿಯದಲ್ಲಿ ಕುಟುಕಿಸಿಕೊಂಡ 96 ಮಂದಿಯಲ್ಲಿ ಕೆಲವರಿಗೆ 45 ಡಿಗ್ರಿಯ ಬಿಸಿನೀರು, ಕೆಲವರಿಗೆ ಮಂಜುಗಡ್ಡೆ ಕೊಟ್ಟು ನೋಡಿದ ವೈದ್ಯರು 2006ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಬಿಸಿನೀರಿನಿಂದ ನೂರಕ್ಕೆ 87 ಮಂದಿಗೆ ನೋವು ಇಳಿಯಿತು, ಮಂಜುಗಡ್ಡೆಯಿಂದ 33 ಮಂದಿಗೆ. ವಿನೆಗರ್ ಹಾಕಬೇಕೇ ಬೇಡವೇ ಎಂಬ ಬಗ್ಗೆ ಬಲ್ಲವರಲ್ಲೇ ಜಗಳವಿದೆ. ಬಿಸಿನೀರಿನ ಬಗ್ಗೆ ಇಲ್ಲ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಮಾತ್ರ ಯಾವ ಮನೆಮದ್ದಿಗೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಾಗೆ ಓಡಬೇಕಾದದ್ದು ಏಕೆಂದು ಜಗತ್ತಿಗೆ ತಿಳಿದದ್ದು ಕೂಡ ಇದೇ ನೀಲಿ ಚೀಲದ ದೆಸೆಯಿಂದ. 1901ರಲ್ಲಿ ಮೊನಾಕೊದ ರಾಜ ಒಂದನೆಯ ಆಲ್ಬರ್ಟ್ ತನ್ನ ಹಡಗಿನಲ್ಲಿ ಷಾರ್ಲ್ ರಿಷೆ, ಪಾಲ್ ಪೋರ್ತಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳನ್ನು ಕರೆದೊಯ್ದು, ಇದರ ವಿಷ ಎಂಥದೆಂದು ನೋಡಿ ಎಂದ. ಪ್ಯಾರಿಸಿಗೆ ಮರಳಿದ ಮೇಲೆ ಅವರು ಇದರ ಸಂಬಂಧಿಯಾದ ಸೀ ಅನಿಮೋನ್ ವಿಷವನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. ಮೊದಲ ಸಲ ವಿಷ ತಡೆದುಕೊಂಡು ಬದುಕಿದ ನಾಯಿಗೆ ಎರಡನೆಯ ಸಲ ತೀರ ಕಡಿಮೆ ಕೊಟ್ಟರೂ ಅದು ಕೆಲವೇ ನಿಮಿಷಗಳಲ್ಲಿ ಸತ್ತುಹೋಯಿತು. ಒಮ್ಮೆ ತಿಂದ ಪೆಟ್ಟು ದೇಹವನ್ನು ಗಟ್ಟಿ ಮಾಡುತ್ತದೆ ಎಂದಷ್ಟೇ ನಂಬಿದ್ದ ಕಾಲದಲ್ಲಿ ಇದು ಉಲ್ಟಾ. ಶೇಂಗಾ ತಿಂದು, ಜೇನು ಕಚ್ಚಿ ಜೀವಕ್ಕೆ ಬರುತ್ತದೆಯಲ್ಲ, ಆ ಅನಾಫಿಲಾಕ್ಸಿಸ್ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದ. ರಿಷೆಗೆ 1913ರಲ್ಲಿ ನೊಬೆಲ್ ಬಂತು.

ಇನ್ನು ಇದರ ಹೆಸರಿನ ಕಥೆ. ಲಿನೇಯಸ್ 1758ರಲ್ಲೇ ಇದನ್ನು ತನ್ನ ಪಟ್ಟಿಗೆ ಸೇರಿಸಿದ್ದ. ಅನಂತರ ಬಂದವರು ಬೇರೆ ಬೇರೆ ಕಡಲಿನಲ್ಲಿ ಕಂಡದ್ದಕ್ಕೆ ಬೇರೆ ಬೇರೆ ಹೆಸರಿಟ್ಟರು. ಆಮೇಲಿನವರು, ಎಲ್ಲ ಕಡಲುಗಳೂ ಒಂದಕ್ಕೊಂದು ಕೂಡಿಕೊಂಡಿವೆ, ಇದೋ ಗಾಳಿ ಬಂದತ್ತ ಹೋಗುವ ಅಲೆಮಾರಿ, ಇದರಲ್ಲಿ ಜಾತಿಭೇದ ಎಲ್ಲಿಂದ ಬರಬೇಕು ಎಂದು ಎಲ್ಲವನ್ನೂ ಒಂದೇ ಹೆಸರಿನಡಿ ಸೇರಿಸಿಬಿಟ್ಟರು: ಫೈಸೇಲಿಯಾ ಫೈಸಾಲಿಸ್. ಬಹುಕಾಲ ಹಾಗೆಯೇ ನಡೆಯಿತು. 2025ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಚರ್ಚ್, ಕೇಸಿ ಡನ್ ಮತ್ತವರ ಸಂಗಡಿಗರು ಜಗತ್ತಿನ ನಾನಾ ಕಡೆಗಳಿಂದ ತರಿಸಿದ 151 ಮಾದರಿಗಳ ವಂಶವಾಹಿಗಳನ್ನು ಓದಿ, ಕಡಿಮೆಯೆಂದರೂ ನಾಲ್ಕು ಪ್ರಭೇದಗಳಿವೆ ಎಂದು ತೋರಿಸಿದರು. ಒಂದೇ ಕಡಲಿನಲ್ಲಿ ಎದುರುಬದುರಾದರೂ ಅವು ಬೆರೆಯುವುದಿಲ್ಲ. ಮೂರು ಹಳೆಯ ಹೆಸರುಗಳೇ ಮತ್ತೆ ಜೀವ ಪಡೆದವು, ಒಂದು ಹೊಸದು. ಹಳಬರು ಬೇರೆ ಎಂದದ್ದನ್ನು ನಡುವಿನವರು ಒಂದೇ ಎಂದರು, ಈಗಿನವರು ಹಳಬರದೇ ಸರಿ ಎಂದರು. ನಮ್ಮ ಮನೆಗಳಲ್ಲಿಯೂ ಅಪರೂಪಕ್ಕೆ ಹೀಗಾಗುವುದುಂಟು.

ಈ ಸಂಶೋಧನೆಯಲ್ಲಿ ನಿಮಗೆ ಸಂಬಂಧಪಟ್ಟ ಮಾತು ಒಂದಿದೆ. ಅವರು ವಂಶವಾಹಿಯ ಜೊತೆಗೆ ಸಾವಿರಾರು ಫೋಟೋಗಳನ್ನೂ ನೋಡಿದರು. ಆ ಫೋಟೋಗಳನ್ನು ತೆಗೆದವರು ವಿಜ್ಞಾನಿಗಳಲ್ಲ. ಲೋಕದ ನಾನಾ ದಂಡೆಗಳಲ್ಲಿ ಅಡ್ಡಾಡಲು ಹೋದವರು, ನಾಯಿ ಕರೆದುಕೊಂಡು ಹೋದವರು, ಮಕ್ಕಳನ್ನು ಆಡಿಸಲು ಹೋದವರು. ಕಂಡದ್ದನ್ನು ಮೊಬೈಲಿನಲ್ಲಿ ತೆಗೆದು, ಯಾವ ದಿನ, ಯಾವ ಜಾಗ ಎಂಬುದರ ಸಮೇತ ಐನ್ಯಾಚುರಲಿಸ್ಟ್ ಎಂಬ ತಾಣಕ್ಕೆ ಏರಿಸಿದ್ದರು. ಅದೇ ವರ್ಷ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೆಂಡಾಯಿ ಹತ್ತಿರದ ದಂಡೆಯಲ್ಲಿ ಸಿಕ್ಕ ಒಂದನ್ನು ಐದನೆಯ ಪ್ರಭೇದವೆಂದು ವಿವರಿಸಿದರು. ಅದನ್ನು ಕಂಡ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನ ಮೇಲೆ ಲ್ಯಾಬಿಗೆ ತಂದನಂತೆ. ಹೆಸರು ಮಿಕಾಜುಕಿ, ಎಂದರೆ ಬಿದಿಗೆಯ ಚಂದ್ರ. ಆ ಸೀಮೆಯ ಹಿಂದಿನ ದೊರೆಯೊಬ್ಬನ ಶಿರಸ್ತ್ರಾಣದ ಮೇಲೆ ಅಂಥ ಚಂದ್ರ ಇತ್ತು. ತಮ್ಮೂರಿನ ದಂಡೆಯಲ್ಲಿ ಸಿಕ್ಕಿದ್ದಕ್ಕೆ ತಮ್ಮೂರಿನ ಮಾತಿನಲ್ಲೇ ಹೆಸರು.

ನಮ್ಮ ಮಾತಿನಲ್ಲಿ ಏನಿದೆ ಎಂದು ನೀವು ಕೇಳಬಹುದು. ಜೆಲ್ಲಿ ಮೀನಿಗೆ ಕನ್ನಡದ ಪುಸ್ತಕಗಳಲ್ಲಿ ಅಂಬಲಿ ಮೀನು, ಲೋಳೆ ಮೀನು ಎಂಬ ಹೆಸರುಗಳಿವೆ. ಅಂಬಲಿಯೂ ಅಲ್ಲ, ಮೀನೂ ಅಲ್ಲ. ಆದರೂ ಅಂಬಲಿ ಮೀನು ಎಂಬುದು ನನಗೆ ಇಷ್ಟ, ಕೈಗೆತ್ತಿಕೊಂಡರೆ ಜಾರಿಹೋಗುವಂತಿದೆ. ಮಲಯಾಳಿಗಳು ಕಡಲ್ಚೊರಿ, ಎಂದರೆ ಕಡಲ ತುರಿಕೆ ಎನ್ನುತ್ತಾರೆ. ಅದು ಮುಟ್ಟಿ ನೋಡಿದವರು ಇಟ್ಟ ಹೆಸರು. ನಮ್ಮ ಕೋಡಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ದಿನಗಳಲ್ಲಿ, ದಂಡೆಯ ಈ ತುದಿಯಲ್ಲೊಂದು ಸಾಲು, ಆ ತುದಿಯಲ್ಲೊಂದು ಸಾಲು ಜನ ನಿಂತು ಗಂಟೆಗಟ್ಟಲೆ ಹಗ್ಗ ಎಳೆದು ಬಲೆಯನ್ನು ಮರಳಿಗೆ ತಂದರೆ, ಬಂಗುಡೆ ಬೂತಾಯಿಗಳ ನಡುವೆ ಬೋಗುಣಿ ಕವುಚಿ ಹಾಕಿದಂತೆ ಇವು ಬಂದಿರುತ್ತಿದ್ದವು. ದೊಡ್ಡವರು ಬೈಯುತ್ತ ಎತ್ತಿ ಎಸೆಯುತ್ತಿದ್ದರು. ಬಲೆ ಭಾರ, ಕೈ ತುರಿಕೆ, ಕಾಸಿನ ಪ್ರಯೋಜನವಿಲ್ಲ. ನಾವು ಹುಡುಗರು ಕಡ್ಡಿಯಲ್ಲಿ ಚುಚ್ಚುತ್ತಿದ್ದೆವು. ‘ಅದು’ ಎಂದರೆ ಸಾಕಿತ್ತು, ಎಲ್ಲರಿಗೂ ಅರ್ಥವಾಗುತ್ತಿತ್ತು. ಜುಹೂವಿನಲ್ಲಿ ನಾನು ಮೋಸಹೋದದ್ದು ಅದಕ್ಕೇ ಇರಬೇಕು. ನನಗೆ ಗೊತ್ತಿದ್ದ ‘ಅದು’ ಬೇರೆ, ಇದು ಬೇರೆ.

ಬ್ಲೂ ಬಾಟಲು ನಿಜವಾದ ಅಂಬಲಿ ಮೀನಲ್ಲ, ದಾಯಾದಿ. ಈ ಮನೆತನ ದೊಡ್ಡದು, ಹತ್ತು ಸಾವಿರಕ್ಕೂ ಮೇಲೆ ಪ್ರಭೇದಗಳು. ಹಳೆಯದು ಕೂಡ: ಕೆನಡಾದ ಬರ್ಜೆಸ್ ಶೇಲ್ ಬಂಡೆಗಳಲ್ಲಿ ಸಿಕ್ಕಿ 2023ರಲ್ಲಿ ವಿವರಿಸಲಾದ ಒಂದು ಅಂಬಲಿ ಮೀನಿನ ಪಳೆಯುಳಿಕೆಗೆ ಐವತ್ತು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಗಟ್ಟಿ ಮೂಳೆ ಇಲ್ಲದ, ಮೈಯೆಲ್ಲ ನೀರೇ ಆದ ಜೀವಿ ಕಲ್ಲಿನಲ್ಲಿ ಅಚ್ಚೊತ್ತಿ ಉಳಿದದ್ದೇ ಸೋಜಿಗ. ಈ ಮನೆತನದಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವ ಗೊಂದಲವೂ ಹಳೆಯದೇ. ಅಂಬಲಿ ಮೀನಿನ ಮರಿ ಮೊದಲು ಕಲ್ಲಿಗೆ ಅಂಟಿಕೊಂಡು ಪುಟ್ಟ ಹೂವಿನಂತೆ ಬೆಳೆಯುತ್ತದೆ. ಆಮೇಲೆ ಅಡ್ಡಡ್ಡ ಸೀಳಿಕೊಂಡು, ಒಂದರ ಮೇಲೊಂದು ಜೋಡಿಸಿದ ಬಸಿಗಳಂತಾಗಿ, ಒಂದೊಂದೇ ಬಸಿ ಕಳಚಿ ಈಜಿಹೋಗುತ್ತದೆ. ನಾರ್ವೆಯ ಪಾದ್ರಿ ಮಿಕಾಯೆಲ್ ಸಾರ್ಸ್ 19ನೆಯ ಶತಮಾನದಲ್ಲಿ ಹೂವಿಗೊಂದು ಹೆಸರು, ಬಸಿಗಳ ಕಂಬಕ್ಕೊಂದು ಹೆಸರು ಇಟ್ಟು, ವರ್ಷಗಟ್ಟಲೆ ನೋಡಿದ ಮೇಲೆ ಎರಡೂ ಒಂದೇ ಅಂಬಲಿ ಮೀನಿನ ಬಾಲ್ಯ ಎಂದು ತಾನೇ ತಿದ್ದಿಕೊಂಡ. ಇನ್ನು ನಿಮ್ಮ ಅಜ್ಜಿಯ ಕೊರಳಲ್ಲಿ ಹವಳದ ಸರ ಇದ್ದರೆ, ಅದೂ ಇದೇ ಮನೆತನದ ಜೀವಿ ಕಟ್ಟಿದ ಎಲುಬು. ನನ್ನ ಅಮ್ಮನಿಗೆ ಇದನ್ನು ಹೇಳಿದಾಗ ಸರ ಒಮ್ಮೆ ಮುಟ್ಟಿ ನೋಡಿಕೊಂಡು, “ಹಂಗಾರೆ ಇದ್ ತುರ್ಸುದಿಲ್ಯಲ್ಲ” ಎಂದರು.

ನಮ್ಮ ದೇಶದ ದಂಡೆಗಳಲ್ಲಿ ಇವನ್ನು ಕುಳಿತು ಎಣಿಸಿದವರೂ ಇದ್ದಾರೆ. ಚೆನ್ನೈಯಲ್ಲಿರುವ ಓದುಗರು ಎಗ್ಮೋರಿನ ಮ್ಯೂಸಿಯಂ ನೋಡಿರುತ್ತೀರಿ. ಮದರಾಸಿನ ಕಡಲಿನ ಅಂಬಲಿ ಮೀನುಗಳ ಬಗ್ಗೆ ಮೆನನ್ ಎಂಬವರು ಬರೆದ ವಿವರಗಳನ್ನು ಆ ಮ್ಯೂಸಿಯಂ 1930ರಲ್ಲಿ ಮತ್ತು 1932ರಲ್ಲಿ ಪ್ರಕಟಿಸಿತು. ಇಂದಿಗೂ ಈ ವಿಷಯದಲ್ಲಿ ಕೆಲಸ ಮಾಡುವವರು ಅವನ್ನು ತೆಗೆದು ನೋಡಲೇಬೇಕು. ಅಲ್ಲಿಂದ ತುಸು ದಕ್ಷಿಣಕ್ಕೆ ಕಲ್ಪಾಕ್ಕಂ ಅಣುವಿದ್ಯುತ್ ಸ್ಥಾವರ. ಯಂತ್ರ ತಂಪು ಮಾಡಲು ಎಳೆದುಕೊಳ್ಳುವ ಕಡಲ ನೀರಿನ ಜೊತೆ ಅಂಬಲಿ ಮೀನುಗಳ ಹಿಂಡೂ ಬಂದು ಜಾಲರಿಗೆ ಮೆತ್ತಿಕೊಳ್ಳುವುದು ಅಲ್ಲಿನ ಎಂಜಿನಿಯರುಗಳಿಗೆ ದೊಡ್ಡ ತಲೆನೋವು. ಅದರ ಮೇಲೂ ಸಂಶೋಧನೆಗಳಾಗಿವೆ.

ಮುಂಬಯಿಗೆ ಮರಳೋಣ. ಜುಹೂ ಮರಳಿನ ದಂಡೆ. ಅಲ್ಲಿಗೆ ಬರುವವರು ಗಾಳಿ ತಂದ ನೆಂಟರು. ಇಲ್ಲಿಯೇ ಮನೆ ಮಾಡಿಕೊಂಡಿರುವ ದಾಯಾದಿಗಳನ್ನು ನೋಡಬೇಕಾದರೆ ಕಲ್ಲಿನ ದಂಡೆಗೆ ಹೋಗಬೇಕು. 2018ರ ಚಳಿಗಾಲದಲ್ಲಿ ಮಗಳು ನನ್ನನ್ನು ಹಾಜಿ ಅಲಿಗೆ ಕರೆದುಕೊಂಡು ಹೋದಳು. ಅವಳಾಗ ಕಾಲೇಜು ಮುಗಿಸಿದ್ದಳು. 2017ರಲ್ಲಿ ಕೆಲವು ಉತ್ಸಾಹಿಗಳು ಕೂಡಿ ‘ಮರೀನ್ ಲೈಫ್ ಆಫ್ ಮುಂಬಯಿ’ ಎಂದು ಶುರು ಮಾಡಿ, ಇಳಿತದ ಹೊತ್ತಿನಲ್ಲಿ ಜನರನ್ನು ಕರೆದೊಯ್ದು ದಂಡೆಯ ಜೀವಿಗಳನ್ನು ತೋರಿಸುತ್ತಿದ್ದರು. ದರ್ಗಾಕ್ಕೆ ಹೋಗುವ ಕಾಲುದಾರಿ ಉಬ್ಬರದಲ್ಲಿ ಮುಳುಗುತ್ತದೆ ಎಂಬುದು ನಿಮಗೆ ಗೊತ್ತು. ಇಳಿತದಲ್ಲಿ ಆಚೀಚೆ ಕಪ್ಪು ಬಂಡೆಗಳು ಏಳುತ್ತವೆ. ನಲವತ್ತು ವರ್ಷ ನಾನು ಬಸ್ಸಿನ ಕಿಟಕಿಯಿಂದ ಅವನ್ನು ನೋಡಿ ಮೂಗು ಮುಚ್ಚಿಕೊಂಡವನು. ಅಂದು ಪ್ಯಾಂಟು ಮಡಚಿಕೊಂಡು ಇಳಿದೆ.

ಬಂಡೆಯ ಮೇಲೆ ಹಸಿರು ಕಂದು ಬಣ್ಣದ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದು ಹಾಸಿದಂಥ ಕಂಬಳಿ. ಝೋಆಂಥಿಡ್ ಎಂದಳು ಮಗಳು. ಒಂದೊಂದು ಗುಂಡಿಯೂ ಒಂದು ಬಾಯಿ. ನೀರು ನಿಂತ ಕುಳಿಯಲ್ಲಿ ಸೀ ಅನಿಮೋನ್ ಅರಳಿತ್ತು. ಅದರ ಮೇಲೆ ನನ್ನ ನೆರಳು ಬಿದ್ದದ್ದೇ ತಡ ಮುದುಡಿ, ಉಗಿದ ಎಲೆಯಡಿಕೆಯಂತಾಯಿತು. ಒಂದು ಬಂಡೆಯ ಮಗ್ಗುಲಲ್ಲಿ ಅಂಗೈಯಗಲದ ಹವಳ. ಜೀವಂತ ಹವಳ! ನೇತ್ರಾಣಿ ದ್ವೀಪದಲ್ಲಿ ಹವಳ ಇದೆಯೆಂದು, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಮುಳುಗಿ ನೋಡುತ್ತಾರೆಂದು ಕೇಳಿದ್ದೆ. ಈ ಊರಿನ ಚರಂಡಿಯ ನೀರು ಬಂದು ಬೀಳುವ ಜಾಗದಲ್ಲಿ, ಬಸ್ ಸ್ಟಾಪಿನಿಂದ ಕೂಗಳತೆಯಲ್ಲಿ ಹವಳ ಬದುಕಿದೆ ಎಂದರೆ ನಂಬುವುದು ಹೇಗೆ? “ಅಪ್ಪಾ, ಅನಿಮೋನಿಗೆ ಕನ್ನಡದಲ್ಲಿ ಏನಂತಾರೆ?” ಎಂದು ಕೇಳಿದಳು. ಕಡಲ ಹೂವು ಎಂದೆ. ಅಲ್ಲೇ, ಆ ಕ್ಷಣಕ್ಕೆ ನಾನೇ ಕಟ್ಟಿದ ಹೆಸರು. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಉಜ್ಜಿದ್ದು ಯಾರೆಂದು ಡಾಕ್ಟರಿಗೆ ಸುಳ್ಳು ಹೇಳಿದ್ದು ನೆನಪಾಗಿ, ಟ್ಯಾಕ್ಸಿಯಲ್ಲಿ ಬರುವಾಗ ಇದು ನಾನು ಕಟ್ಟಿದ್ದು ಎಂದು ಒಪ್ಪಿಕೊಂಡೆ. “ಇರಲಿ, ಚೆನ್ನಾಗಿದೆ” ಎಂದಳು.

ಅದೇ ವರ್ಷದ ಅಕ್ಟೋಬರಿನಲ್ಲಿ ಕೋಸ್ಟಲ್ ರೋಡಿನ ಕೆಲಸ ಶುರುವಾಯಿತು. 2019ರ ಜುಲೈಯಲ್ಲಿ ಮುಂಬಯಿ ಹೈಕೋರ್ಟು ಅದಕ್ಕೆ ಕೊಟ್ಟಿದ್ದ ಪರಿಸರದ ಅನುಮತಿಯನ್ನು ರದ್ದು ಮಾಡಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕೆಲಸ ಮುಂದುವರಿಯಿತು. ವನ್ಯಜೀವಿ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಹುಲಿಯ ಜೊತೆಗೆ ಹವಳವೂ ಇದೆ. ಆದ್ದರಿಂದ 2020ರ ನವೆಂಬರಿನಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ವರ್ಲಿ ಮತ್ತು ಹಾಜಿ ಅಲಿಯ 18 ಹವಳದ ಗುಂಪುಗಳನ್ನು ಎತ್ತಿ ಬೇರೆ ಕಡೆ ನೆಟ್ಟರು. ಗುಂಡಿಗಳ ಕಂಬಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕಡಲ ಹೂವಿಗೂ ಇರಲಿಲ್ಲ. ಹೆಸರು ಇದ್ದವರಿಗೆ ಪರ್ಯಾಯ ಮನೆ, ಇಲ್ಲದವರ ಮೇಲೆ ಕಲ್ಲು ಮಣ್ಣು. ಚಾಳು ಒಡೆದು ಬಿಲ್ಡಿಂಗು ಕಟ್ಟುವಾಗ ರಶೀದಿ ಇದ್ದವನಿಗೆ ಖೋಲಿ ಸಿಕ್ಕುವುದನ್ನು, ಇಲ್ಲದವನು ಬೀದಿಗೆ ಬೀಳುವುದನ್ನು ನೋಡಿದ ನಮಗೆ ಇದು ಹೊಸದಲ್ಲ. 2024ರ ಮಾರ್ಚಿನಲ್ಲಿ ರಸ್ತೆಯ ಮೊದಲ ಭಾಗ ತೆರೆಯಿತು. ನಾನೂ ಅದರ ಮೇಲೆ ಹೋಗಿದ್ದೇನೆ. ವರ್ಲಿಯಿಂದ ಮರೀನ್ ಡ್ರೈವಿಗೆ ಹತ್ತೇ ನಿಮಿಷ. ಹಾಯಾಗಿತ್ತು, ಸುಳ್ಳು ಏಕೆ ಹೇಳಲಿ. ಮಗಳು ಪಕ್ಕದಲ್ಲಿ ಕುಳಿತು ಹಾಜಿ ಅಲಿ ದಾಟುವವರೆಗೆ ಮಾತಾಡಲಿಲ್ಲ.

ಹಾಗೆಂದು ಎಲ್ಲವೂ ಮುಗಿದುಹೋಗಿಲ್ಲ. ಮುಂಬಯಿಯಲ್ಲಿ ಕಲ್ಲಿನ ದಂಡೆಗಳು ಇನ್ನೂ ಇವೆ, ಜುಹೂವಿಗೆ ನೀಲಿ ನೆಂಟರು ವರ್ಷವೂ ಬರುತ್ತಾರೆ. ನೀವು ಹೋಗುವುದಾದರೆ ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಹೋಗಿ. ನೀರು ಹೆಚ್ಚು ಇಳಿಯುತ್ತದೆ. ಬರಿಗಾಲು ಬೇಡ, ಹವಾಯಿ ಚಪ್ಪಲಿಯೂ ಸಾಲದು, ಬೂಟು ಹಾಕಿ. ಕೈಯಿಂದ ಮುಟ್ಟಬೇಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ತಿಳಿಯುತ್ತದೆ. ಗೊಂಚಲು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಕೊಳ್ಳಿ. ಅದೃಷ್ಟವಿದ್ದರೆ ಬ್ಲೂ ಬಾಟಲಿನ ಜೊತೆ ನೀಲಿ ಬಿಲ್ಲೆಯಂಥ ಇನ್ನೊಬ್ಬ ದಾಯಾದಿಯೂ ಸಿಕ್ಕೀತು. ಅದರ ಹೆಸರು ಬ್ಲೂ ಬಟನ್. ನಡುವೆ ನಾಣ್ಯದಂತೆ ಗುಂಡಗೆ, ಸುತ್ತ ನೀಲಿಯ ಕುಚ್ಚು.

ಕಳೆದ ಆಗಸ್ಟಿನಲ್ಲಿ ನಾನೊಬ್ಬನೇ ಹೋಗಿದ್ದೆ. ಮಗಳು ಈಗ ಬೇರೆ ಊರಿನಲ್ಲಿದ್ದಾಳೆ. ಛತ್ರಿ ಕಂಕುಳಲ್ಲಿ ಇರುಕಿಕೊಂಡು, ದಂಡೆಯ ಗೆರೆಯ ಮೇಲೆ ಅರ್ಧ ಗಂಟೆ ನಡೆದೆ. ಹನ್ನೊಂದು ಸಿಕ್ಕವು. ಏಳು ಎಡಚರು, ಮೂರು ಬಲಗೈಯವರು. ಒಂದನ್ನು ಯಾರೋ ತುಳಿದಿದ್ದರು, ಗೊತ್ತಾಗಲಿಲ್ಲ. ಎಲ್ಲಕ್ಕಿಂತ ದೊಡ್ಡದರ ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆದು ಅವಳಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: “ಅಪ್ಪಾ, ನಿಮ್ಮ ನೆರಳು ಬಿದ್ದಿದೆ. ಇನ್ನೊಂದು ತೆಗೀರಿ.” ನಾನು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗುವಷ್ಟರಲ್ಲಿ ಅಲೆ ಬಂದು ಅದನ್ನೂ ನನ್ನ ಒಂದು ರೂಪಾಯಿಯನ್ನೂ ತೆಗೆದುಕೊಂಡು ಹೋಗಿತ್ತು.